ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕುಟುಂಬಕ್ಕೊಂದು ಬಾಡಿಗೆ ಮನೆ: ಯಾವ ಮನೆ, ಯಾವ ಕರಾರು?

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಜಾಹೀರಾತುಗಳು ಮೊದಲು ತೋರಿಸುವುದು ತಿಂಗಳ ಬಾಡಿಗೆಯನ್ನು, ಅದರ ಬೆನ್ನಿಗೇ ಕಲ್ಲಿನ ಗೋಡೆ, ಓಕ್ ಮರದ ತೊಲೆ, ದ್ರಾಕ್ಷಿಬಳ್ಳಿ ಹಬ್ಬಿದ ಅಂಗಳದ ಚಿತ್ರಗಳನ್ನು. ಈ ಎರಡನ್ನಷ್ಟೇ ನೋಡಿ ಮನೆ ಆರಿಸಿದವರಿಗೆ ಮೊದಲ ಚಳಿಗಾಲದಲ್ಲೇ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. ಒಂದು ಕುಟುಂಬ ಎರಡು ಮೂರು ವರ್ಷ ನೆಲೆ ನಿಲ್ಲುವುದಾದರೆ ಹೋಲಿಸಬೇಕಾದ ಸಂಗತಿಗಳು ಬೇರೆ ಇವೆ: ಜನವರಿಯಲ್ಲಿ ಆ ಮನೆಯನ್ನು ಬೆಚ್ಚಗಿಡಲು ತಗಲುವ ಖರ್ಚು, ಶಾಲೆಯ ದಿನ ಬೆಳಗ್ಗೆ ಎಂಟರ ಹೊತ್ತಿಗೆ ಯಾರು ಯಾರನ್ನು ಎಲ್ಲಿಗೆ ಬಿಡಬೇಕೆಂಬ ಲೆಕ್ಕ, ಮತ್ತು ಸಹಿ ಹಾಕುವ ಕರಾರು ನಿಮ್ಮನ್ನು ಆ ಮನೆಯಲ್ಲಿ ಎಷ್ಟು ಕಾಲ ಭದ್ರವಾಗಿ ಇರಗೊಡುತ್ತದೆ ಎಂಬ ಪ್ರಶ್ನೆ.

ಬಾಡಿಗೆಯ ಕಾನೂನು ಇಡೀ ದೇಶಕ್ಕೆ ಒಂದೇ ಆದರೂ ಮನೆಗಳ ಸ್ವರೂಪ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದರಿಂದ, ಇಲ್ಲಿ ತುಲೂಸ್ ನಗರದ ಪಶ್ಚಿಮಕ್ಕಿರುವ ಜೇರ್ಸ್ ಜಿಲ್ಲೆಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಏರ್‌ಬಸ್ ಕಂಪನಿಗೆ ಬೆಂಗಳೂರಿನಲ್ಲಿಯೂ ಎಂಜಿನಿಯರಿಂಗ್ ಕೇಂದ್ರವಿದ್ದು, ಅದರ ದೊಡ್ಡ ಕಾರ್ಖಾನೆಗಳು ತುಲೂಸ್‌ಗೆ ಅಂಟಿಕೊಂಡ ಬ್ಲಾನ್ಯಾಕ್ ಮತ್ತು ಕೊಲೊಮಿಯೆಗಳಲ್ಲಿ ಇವೆ. ಅಲ್ಲಿಗೆ ಕೆಲಸದ ಮೇಲೆ ಬರುವ ಕುಟುಂಬ ನಗರದ ಫ್ಲ್ಯಾಟು ಬೇಡವೆಂದು ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಸೂರ್ಯಕಾಂತಿ ಹೊಲಗಳ ನಡುವೆ ಇರುತ್ತದೆ.

ಜಾಹೀರಾತು ಓದುವಾಗ ಟಿ4 ಎಂದಿದ್ದರೆ ಹಾಲ್ ಸೇರಿ ನಾಲ್ಕು ಕೋಣೆಗಳು, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಬೆಡ್‌ರೂಮಿನ ಮನೆ. ಅಡುಗೆಮನೆ, ಬಚ್ಚಲುಗಳು ಆ ಸಂಖ್ಯೆಯಲ್ಲಿ ಸೇರುವುದಿಲ್ಲ. ಬಾಡಿಗೆಯ ಮುಂದೆ ಸಿಸಿ ಎಂದಿದ್ದರೆ ನಿರ್ವಹಣಾ ವೆಚ್ಚ ಸೇರಿದೆ, ಎಚ್‌ಸಿ ಎಂದಿದ್ದರೆ ಸೇರಿಲ್ಲ.

ಪೇಟೆಯ ಮನೆ, ಬಡಾವಣೆಯ ಮನೆ, ಕಲ್ಲಿನ ಮನೆ

ಮೊದಲನೆಯ ಬಗೆ ಬೂರ್ ಎಂದು ಕರೆಯುವ ಹಳ್ಳಿಪೇಟೆಯ ನಡುವಿನ ಮನೆ. ಚರ್ಚು, ಮೇರಿ ಎಂಬ ಗ್ರಾಮಾಡಳಿತದ ಕಚೇರಿ, ಬೇಕರಿ, ಔಷಧಿ ಅಂಗಡಿ, ಪ್ರಾಥಮಿಕ ಶಾಲೆ ಇವೆಲ್ಲ ಕಾಲ್ನಡಿಗೆಯ ದೂರದಲ್ಲಿರುತ್ತವೆ. ಎರಡೂ ಪಕ್ಕದ ಗೋಡೆಗಳು ನೆರೆಮನೆಗೆ ಅಂಟಿಕೊಂಡಿರುವುದರಿಂದ ಶಾಖ ಸೋರಿಹೋಗುವ ಮೈ ಕಡಿಮೆ. ಎರಡು ಮೂರು ಅಂತಸ್ತು, ಕಡಿದಾದ ಮೆಟ್ಟಿಲು, ನಡುಕೋಣೆಯಲ್ಲಿ ಹಗಲಲ್ಲೂ ದೀಪ, ಹಿತ್ತಿಲೆಂದರೆ ಬಟ್ಟೆ ಒಣಗಿಸುವಷ್ಟು ಜಾಗ, ಕಾರು ಬೀದಿಯಲ್ಲಿ. ಕೆಲವು ಊರುಗಳಲ್ಲಿ ಚರ್ಚಿನ ಗಂಟೆ ರಾತ್ರಿಯೂ ಗಂಟೆಗೊಮ್ಮೆ ಬಾರಿಸುತ್ತದೆ, ಹಗುರ ನಿದ್ದೆಯವರು ಮನೆ ನೋಡಲು ಹೋದಾಗಲೇ ಇದನ್ನು ಕೇಳಿಕೊಳ್ಳಬೇಕು.

ಎರಡನೆಯದು ಪವಿಯೋಂ, ಊರಂಚಿನ ಬಡಾವಣೆಯ ಬಿಡಿ ಮನೆ. ನೋಡಲು ಸಪ್ಪೆ. ಒಂದೇ ಅಂತಸ್ತು, ಗ್ಯಾರೇಜು, ಸುತ್ತ ಹುಲ್ಲುಹಾಸು, ನಾಲ್ಕೂ ಕಡೆ ಅಂಥವೇ ಮನೆಗಳು. ಹಳ್ಳಿಯ ಕನಸು ಹೊತ್ತು ಬಂದವರು ಮೊದಲು ತಳ್ಳಿಹಾಕುವುದು ಇದನ್ನೇ, ಆದರೆ ಪುಟ್ಟ ಮಕ್ಕಳಿರುವ ಕುಟುಂಬಕ್ಕೆ ನನ್ನ ಮಟ್ಟಿಗೆ ಇದು ಅನ್ಯಾಯವಾಗಿ ಕಡೆಗಣಿಸಲ್ಪಟ್ಟ ಆಯ್ಕೆ. ಕಟ್ಟಡಗಳ ಶಾಖರಕ್ಷಣೆಗೆ ಫ್ರಾನ್ಸ್ ಮೊದಲ ನಿಯಮ ತಂದದ್ದು 1974ರಲ್ಲಿ. ಆಮೇಲೆ ಕಟ್ಟಿದ ಮನೆಗಳಲ್ಲಿ ಗೋಡೆಗೂ ಮಾಳಿಗೆಗೂ ಸ್ವಲ್ಪವಾದರೂ ನಿರೋಧಕ ಪದರ ಇರುತ್ತದೆ, ಆರ್‌ಟಿ 2012 ಎಂಬ ನಿಯಮದ ಪ್ರಕಾರ ಕಟ್ಟಿದವು ನಿಜಕ್ಕೂ ಬೆಚ್ಚಗಿರುತ್ತವೆ. ಕೊರತೆಯೆಂದರೆ ಬ್ರೆಡ್ಡಿಗೂ ಕಾರು ತೆಗೆಯಬೇಕು.

ಮೂರನೆಯದು ಎಲ್ಲರೂ ಆಸೆಪಡುವ ಕಲ್ಲಿನ ಹಳೆಯ ತೋಟದ ಮನೆ. ಅರ್ಧ ಮೀಟರಿಗೂ ಮಿಕ್ಕಿದ ದಪ್ಪದ ಗೋಡೆ, ನೂರಮೂವತ್ತು ನೂರೈವತ್ತು ಚದರ ಮೀಟರ್ ವಿಸ್ತಾರ, ಪೇಟೆಯ ಮನೆಯ ಬಾಡಿಗೆಗೇ ಎರಡರಷ್ಟು ಜಾಗ. ಇದಕ್ಕೆ ಸಲ್ಲಬೇಕಾದ ಹೊಗಳಿಕೆಯನ್ನು ಸಲ್ಲಿಸಬೇಕು: ಜುಲೈ ಆಗಸ್ಟ್‌ಗಳಲ್ಲಿ ಜೇರ್ಸ್‌ನ ಉಷ್ಣತೆ 38 ಡಿಗ್ರಿ ದಾಟುವ ದಿನಗಳಲ್ಲಿ ಬೆಳಗ್ಗೆಯೇ ಕಿಟಕಿಯ ಮರದ ಪಡಿಗಳನ್ನು ಮುಚ್ಚಿಬಿಟ್ಟರೆ ಒಳಗೆ ಫ್ಯಾನೂ ಬೇಕಾಗುವುದಿಲ್ಲ, ಅದೇ ಹೊತ್ತಿಗೆ ಬಡಾವಣೆಯ ಮನೆಯ ಮಕ್ಕಳ ಕೋಣೆ ಬೇಯುತ್ತಿರುತ್ತದೆ. ಆದರೆ ಆ ಗೋಡೆಗೆ ಒಳಗಿನಿಂದ ನಿರೋಧಕ ಹಾಕಿರದಿದ್ದರೆ ಚಳಿಗಾಲದಲ್ಲಿ ಅದು ಎಷ್ಟು ಶಾಖ ಕೊಟ್ಟರೂ ಕುಡಿಯುತ್ತಲೇ ಇರುತ್ತದೆ. ಒಂಟಿತನದ ಲೆಕ್ಕವೂ ಇದೆ. ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲವಾದ್ದರಿಂದ ಭಾನುವಾರಗಳಂದು ಕಾಡಂಚಿನಲ್ಲಿ ಗುಂಡಿನ ಸದ್ದು ಕೇಳುತ್ತದೆ, ಮಕ್ಕಳನ್ನು ಆ ಕಡೆ ವಿಹಾರಕ್ಕೆ ಕರೆದೊಯ್ಯುವಂತಿಲ್ಲ.

ನಾಲ್ಕನೆಯದೊಂದನ್ನು ಆಯ್ಕೆಯೆಂದು ಕರೆಯಲು ಮನಸ್ಸಿಲ್ಲ, ಆದರೂ ಹೊಸಬರು ಹೆಚ್ಚಾಗಿ ಬೀಳುವುದು ಅಲ್ಲಿಯೇ. ಜೀತ್ ಎಂಬ ರಜಾಮನೆಗಳನ್ನು ಮಾಲೀಕರು ಪ್ರವಾಸಿಗರಿಲ್ಲದ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಅಗ್ಗದಲ್ಲಿ ಕೊಡುತ್ತಾರೆ. ಪಾತ್ರೆ ಹಾಸಿಗೆ ಸಮೇತ ಸಿದ್ಧವಾಗಿರುವ ಇಂಥ ಮನೆಯಲ್ಲಿ ಮೊದಲ ಕೆಲವು ತಿಂಗಳು ಇಳಿದು, ಸುತ್ತಲಿನ ಊರುಗಳನ್ನು ನೋಡಿ, ಆಮೇಲೆ ಖಾಯಂ ಮನೆ ಹಿಡಿಯುವುದು ಬುದ್ಧಿವಂತಿಕೆ. ಅದನ್ನೇ ಖಾಯಂ ಎಂದುಕೊಂಡರೆ ಜೂನ್ ಬಂದಾಗ, ಮಕ್ಕಳ ಶಾಲೆ ಇನ್ನೂ ನಡೆಯುತ್ತಿರುವಾಗಲೇ, ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಪ್ರೊವಾಂಸ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಭಾರತವೂ ಪಾಲುದಾರನಾಗಿರುವ ಐಟರ್ ಎಂಬ ಪರಮಾಣು ಸಮ್ಮಿಳನ ಯೋಜನೆಯ ಕಾದರಾಶ್ ನೆಲೆಗೆ ಬರುವವರು ಮನೋಸ್ಕ್ ಸುತ್ತಲಿನ ಹಳ್ಳಿಗಳಲ್ಲಿ ಹುಡುಕುವಾಗ ವರ್ಷಪೂರ್ತಿಯ ಮನೆಯೆಂದು ಕಾಣುವ ಜಾಹೀರಾತಿನ ಕೊನೆಯ ಸಾಲಿನಲ್ಲಿ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಎಂದು ಬರೆದಿರುವುದನ್ನು ಗಮನಿಸಬೇಕು.

ಕರಾರಿನ ಭದ್ರತೆ

ಹನ್ನೊಂದು ತಿಂಗಳ ಅಗ್ರಿಮೆಂಟು, ಕೈತುಂಬ ಅಡ್ವಾನ್ಸು, ವರ್ಷ ತುಂಬಿದೊಡನೆ ಬಾಡಿಗೆ ಏರಿಕೆ ಎಂಬ ಬೆಂಗಳೂರಿನ ಪದ್ಧತಿಗೆ ಒಗ್ಗಿದವರಿಗೆ ಫ್ರಾನ್ಸಿನ 1989ರ ಜುಲೈ 6ರ ಬಾಡಿಗೆ ಕಾನೂನು ಅಚ್ಚರಿಯಷ್ಟು ಬಾಡಿಗೆದಾರರ ಪರ ಕಾಣುತ್ತದೆ. ಆದರೆ ಆ ರಕ್ಷಣೆ ಎಲ್ಲ ಕರಾರುಗಳಿಗೂ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲ.

ಪೀಠೋಪಕರಣವಿಲ್ಲದ ಖಾಲಿ ಮನೆಯ ಕರಾರು, ಮಾಲೀಕ ವ್ಯಕ್ತಿಯಾಗಿದ್ದರೆ ಕನಿಷ್ಠ 3 ವರ್ಷದ್ದು, ಕಂಪನಿಯಾಗಿದ್ದರೆ 6 ವರ್ಷದ್ದು. ಅವಧಿ ಮುಗಿಯುವವರೆಗೆ ಬಾಡಿಗೆ ಕಟ್ಟುತ್ತಿರುವ ಕುಟುಂಬವನ್ನು ಬಿಡಿಸುವಂತಿಲ್ಲ. ಅವಧಿಯ ಕೊನೆಯಲ್ಲಿಯೂ ಮನೆ ಮಾರುವುದಿದ್ದರೆ, ಮಾಲೀಕರೋ ಅವರ ಹತ್ತಿರದ ಬಂಧುಗಳೋ ಬಂದು ಇರುವುದಿದ್ದರೆ, ಅಥವಾ ನ್ಯಾಯಾಲಯ ಒಪ್ಪುವಂಥ ಗಂಭೀರ ಕಾರಣವಿದ್ದರೆ ಮಾತ್ರ 6 ತಿಂಗಳ ಮುಂಚಿನ ನೋಟಿಸು ಕೊಟ್ಟು ಬಿಡಿಸಬಹುದು. ಮಾರುವುದಾದರೆ ಮೊದಲ ಹಕ್ಕು ಬಾಡಿಗೆದಾರರದು. ಠೇವಣಿ ಒಂದೇ ತಿಂಗಳ ಬಾಡಿಗೆ. ಬಾಡಿಗೆದಾರರು ಯಾವಾಗ ಬೇಕಾದರೂ 3 ತಿಂಗಳ ನೋಟಿಸು ಕೊಟ್ಟು ಹೊರಡಬಹುದು. ಮನೆಗಳ ಅಭಾವವಿದೆಯೆಂದು ಸರ್ಕಾರ ಘೋಷಿಸಿದ ಊರುಗಳಲ್ಲಿ, ಹಾಗೂ ಉದ್ಯೋಗದ ವರ್ಗಾವಣೆ, ಕೆಲಸ ಹೋಗುವುದು ಮೊದಲಾದ ಕಾರಣಗಳಿಗೆ, ಈ ಅವಧಿ 1 ತಿಂಗಳಿಗೆ ಇಳಿಯುತ್ತದೆ.

ಪೀಠೋಪಕರಣ ಸಹಿತವಾದ ಮ್ಯೂಬ್ಲೆ ಮನೆಯ ಕರಾರು 1 ವರ್ಷದ್ದು, ತಾನಾಗಿ ಮುಂದುವರಿಯುವಂಥದು. ಬಾಡಿಗೆದಾರರ ನೋಟಿಸು ಎಲ್ಲೆಡೆಯೂ 1 ತಿಂಗಳು, ಠೇವಣಿ 2 ತಿಂಗಳವರೆಗೆ. ಮಾಲೀಕರು ಪ್ರತಿ ವರ್ಷದ ಕೊನೆಗೆ ಮೇಲಿನ ಕಾರಣಗಳಿಗಾಗಿಯೇ 3 ತಿಂಗಳ ನೋಟಿಸು ಕೊಡಬಹುದಾದ್ದರಿಂದ ಕುಟುಂಬದ ತಲೆಯ ಮೇಲೆ ವರ್ಷಕ್ಕೊಮ್ಮೆ ಕತ್ತಿ ತೂಗುತ್ತದೆ. ಎಷ್ಟು ವಸ್ತುಗಳಿದ್ದರೆ ಮನೆ ಮ್ಯೂಬ್ಲೆ ಎನಿಸುತ್ತದೆ ಎಂಬುದನ್ನು 2015ರ ಆದೇಶವೊಂದು ಪಟ್ಟಿ ಮಾಡಿದೆ: ಹೊದಿಕೆ ಸಹಿತ ಹಾಸಿಗೆ, ಒಲೆ, ಅವನ್ ಅಥವಾ ಮೈಕ್ರೋವೇವ್, ಫ್ರಿಜ್, ಪಾತ್ರೆ, ಮೇಜು, ಕುರ್ಚಿ, ಕಪಾಟು, ದೀಪ, ಗುಡಿಸುವ ಒರೆಸುವ ಸಾಮಾನು, ಮಲಗುವ ಕೋಣೆಗೆ ಬೆಳಕು ತಡೆಯುವ ಪರದೆ.

ಒಂದರಿಂದ 10 ತಿಂಗಳವರೆಗಿನ ಮೊಬಿಲಿತೆ ಕರಾರು ತಾತ್ಕಾಲಿಕ ನಿಯೋಜನೆ ಅಥವಾ ತರಬೇತಿಯ ಮೇಲೆ ಬಂದವರಿಗೆ ಇರುವಂಥದು, ಅದಕ್ಕೆ ಠೇವಣಿ ಇಲ್ಲ, ಆದರೆ ನವೀಕರಣವೂ ಇಲ್ಲ. ನಿಜವಾಗಿ ಎಚ್ಚರವಹಿಸಬೇಕಾದದ್ದು ‘ಎರಡನೆಯ ಮನೆ’, ಅಂದರೆ ಖಾಯಂ ವಾಸಕ್ಕಲ್ಲದ ಮನೆ, ಎಂದು ಬರೆಯುವ ಕರಾರಿಗೆ. ಮಾಲೀಕರು ‘ಇದು ನಿಮ್ಮ ರಜಾಮನೆ ಎಂದು ಬರೆದುಕೊಳ್ಳೋಣ, ಕಾಗದಪತ್ರ ಸುಲಭವಾಗುತ್ತದೆ’ ಎಂದರೆ ಒಪ್ಪಬಾರದು. ವರ್ಷಪೂರ್ತಿ ವಾಸಿಸುವ ಮನೆಗೆ ಹಾಗೆ ಬರೆಸಿಕೊಂಡರೆ 1989ರ ಕಾನೂನಿನ ರಕ್ಷಣೆ ಕೈತಪ್ಪುತ್ತದೆ, ಅದನ್ನು ಮರಳಿ ಪಡೆಯಲು ನ್ಯಾಯಾಲಯಕ್ಕೇ ಹೋಗಬೇಕಾಗಬಹುದು. ಖಾಲಿ ಮನೆಯ ಕರಾರು 3 ವರ್ಷಕ್ಕಿಂತ ಕಡಿಮೆ ಇರಲು ಕಾನೂನು ಒಪ್ಪುವ ಸಂದರ್ಭವೂ ಒಂದಿದೆ: ವಿದೇಶದಲ್ಲಿ ಕೆಲಸಕ್ಕಿರುವ ಮಾಲೀಕರು ಇಂಥ ದಿನ ಮರಳುತ್ತೇವೆ ಎಂಬಂಥ ನಿರ್ದಿಷ್ಟ ಕಾರಣವನ್ನು ಕರಾರಿನಲ್ಲೇ ಬರೆದಿದ್ದರೆ ಅವಧಿಯನ್ನು 1 ವರ್ಷಕ್ಕೆ ಇಳಿಸಬಹುದು. ಕಾರಣ ಬರೆದಿಲ್ಲವಾದರೆ ಇಳಿಸುವಂತಿಲ್ಲ.

ಬಾಡಿಗೆ ಏರಿಕೆಯ ವಿಷಯ ಬೇಗ ಮುಗಿಯುತ್ತದೆ. ಕರಾರಿನಲ್ಲಿ ಅವಕಾಶ ಬರೆದಿದ್ದರೆ ವರ್ಷಕ್ಕೊಮ್ಮೆ, ಇನ್ಸೇ ಎಂಬ ಸರ್ಕಾರಿ ಅಂಕಿಅಂಶ ಸಂಸ್ಥೆ ಪ್ರಕಟಿಸುವ ಐಆರ್‌ಎಲ್ ಎಂಬ ಬಾಡಿಗೆ ಸೂಚ್ಯಂಕದ ಮಿತಿಯೊಳಗೆ ಮಾತ್ರ ಏರಿಸಬಹುದು.

ಎರಡು ವರ್ಷ ದಾಟುವ ಕುಟುಂಬಕ್ಕೆ ಖಾಲಿ ಮನೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮಂಚ, ಮೇಜುಗಳನ್ನು ಲ ಬೋಂ ಕ್ವಾಂ ಎಂಬ ಹಳೆ ಸಾಮಾನಿನ ತಾಣದಲ್ಲಿ ಕೊಂಡು ಹೊರಡುವಾಗ ಅಲ್ಲೇ ಮಾರಬಹುದು. ಆದರೆ ಖಾಲಿ ಎಂದರೆ ಎಷ್ಟು ಖಾಲಿ ಎಂಬುದನ್ನು ಮೊದಲೇ ತಿಳಿದಿರಬೇಕು. ಅಡುಗೆಮನೆಯಲ್ಲಿ ಗೋಡೆಗೆ ಕೂರಿಸಿದ ಒಂದು ಸಿಂಕು, ಅದರ ಕೆಳಗೆ ಬಾಗಿಲು ಸಡಿಲವಾದ ಒಂದು ಕಪಾಟು, ಒಲೆಗಾಗಿ ಬಿಟ್ಟ ಜಾಗದಲ್ಲಿ ದಪ್ಪ ಪ್ಲಗ್ಗು, ಕೋಣೆಕೋಣೆಯ ಚಾವಣಿಯಿಂದ ಇಳಿಬಿದ್ದ ಎರಡು ತಂತಿಯ ತುದಿಗಳು, ಇಷ್ಟೇ ಇರುವ ಮನೆಗಳು ಅಪರೂಪವಲ್ಲ. ಹಿಂದಿನವರು ದೀಪದ ಹೋಲ್ಡರನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಜಾಹೀರಾತಿನಲ್ಲಿ ಅಡುಗೆಮನೆ ‘ಎಕಿಪೆ’ ಎಂದಿದ್ದರೆ ಒಲೆ, ಅವನ್ ಮುಂತಾದ ಯಂತ್ರಗಳಿರುತ್ತವೆ, ‘ಅಮೆನಾಜೆ’ ಎಂದಷ್ಟೇ ಇದ್ದರೆ ಕಪಾಟುಗಳು ಮಾತ್ರ.

ಚಳಿಗಾಲದ ಲೆಕ್ಕ

ಬಾಡಿಗೆಗೆ ಬರುವ ಪ್ರತಿ ಮನೆಗೂ ಡಿಪಿಇ ಎಂಬ ಶಕ್ತಿ ಪ್ರಮಾಣಪತ್ರ ಇರಲೇಬೇಕು, ಅದರ ದರ್ಜೆ ಜಾಹೀರಾತಿನಲ್ಲಿ ಕಾಣಲೇಬೇಕು. ಎ ಎಂಬುದು ಉತ್ತಮ, ಜಿ ಎಂಬುದು ಕೆಟ್ಟದ್ದು. ವರ್ಷಕ್ಕೆ ಚದರ ಮೀಟರಿಗೆ 180ರಿಂದ 250 ಯೂನಿಟ್ ಶಕ್ತಿ ಬೇಡುವ ಮನೆ ಡಿ ದರ್ಜೆಯದು, 330ರಿಂದ 420 ಬೇಡುವುದು ಎಫ್, 420 ಮುಟ್ಟಿದರೆ ಜಿ. ಈಗಿರುವ ಕಾನೂನಿನ ಪ್ರಕಾರ 2025ರ ಜನವರಿಯಿಂದ ಜಿ ದರ್ಜೆಯ ಮನೆಗಳನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಎಫ್ ದರ್ಜೆಗೆ 2028ರಲ್ಲಿ, ಇ ದರ್ಜೆಗೆ 2034ರಲ್ಲಿ ಅದೇ ನಿಷೇಧ ಬರಲಿದೆ. ಎಫ್ ಮತ್ತು ಜಿ ಮನೆಗಳ ಬಾಡಿಗೆಯನ್ನು ಏರಿಸುವುದಕ್ಕೆ 2022ರ ಆಗಸ್ಟ್‌ನಿಂದಲೇ ತಡೆ ಇದೆ. ಬಾಡಿಗೆ ಏರುವುದಿಲ್ಲವೆಂದು ಎಫ್ ಮನೆಯನ್ನು ಖುಷಿಯಿಂದ ಹಿಡಿಯುವ ಮುನ್ನ ಒಂದು ವಿಷಯ ಯೋಚಿಸಬೇಕು: ಲಕ್ಷಾಂತರ ರೂಪಾಯಿಗೆ ಸಮನಾದ ದುರಸ್ತಿ ಮಾಡಿಸುವ ಬದಲು ಮಾರಿಬಿಡುವುದೇ ಮೇಲೆಂದು ಅದರ ಮಾಲೀಕರು 2028ರ ಹೊತ್ತಿಗೆ ತೀರ್ಮಾನಿಸುವುದು ಸಹಜ. ಅಗ್ಗದ ಎಫ್ ಮನೆಯಲ್ಲಿ ಚಳಿಯ ಜೊತೆ ಅಸ್ಥಿರತೆಯೂ ಇದೆ.

ದರ್ಜೆಯ ಅಕ್ಷರಕ್ಕಿಂತ ಅದರ ಪಕ್ಕದಲ್ಲಿ ಅಚ್ಚಾಗಿರುವ ವಾರ್ಷಿಕ ಖರ್ಚಿನ ಅಂದಾಜು ಹೆಚ್ಚು ಉಪಯುಕ್ತ. 2026ರ ಜನವರಿ 1ರಿಂದ ದರ್ಜೆಯ ಲೆಕ್ಕದಲ್ಲಿ ವಿದ್ಯುತ್ ಬಳಕೆಯನ್ನು ಗುಣಿಸುವ ಅಂಕಿಯನ್ನು 2.3ರಿಂದ 1.9ಕ್ಕೆ ಇಳಿಸಿದ್ದರಿಂದ ವಿದ್ಯುತ್ ಹೀಟರಿನ ಎಷ್ಟೋ ಮನೆಗಳು ಒಂದು ಇಟ್ಟಿಗೆಯೂ ಅಲುಗದೆ ಮೇಲಿನ ದರ್ಜೆಗೆ ಏರಿವೆ. ಕರೆಂಟು ಬಿಲ್ಲು ಮಾತ್ರ ಇದ್ದಲ್ಲೇ ಇದೆ. ಆ ಅಂದಾಜೂ ಮನೆಯೊಳಗೆ 19 ಡಿಗ್ರಿ ಇರುತ್ತದೆ ಎಂಬ ಊಹೆಯ ಮೇಲೆ ಕಟ್ಟಿದ್ದು. ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇ. 7ರಷ್ಟು ಖರ್ಚು ಹೆಚ್ಚುತ್ತದೆ ಎಂಬುದು ಅಲ್ಲಿ ಎಲ್ಲರೂ ಬಳಸುವ ಲೆಕ್ಕ. ಬೆಂಗಳೂರು, ಮಂಗಳೂರಿನ ಹವೆಗೆ ಒಗ್ಗಿದ ಮೈ 19ಕ್ಕೆ ಸುಮ್ಮನಿರುವುದಿಲ್ಲ, ಮನೆಯಿಂದಲೇ ಕೆಲಸ ಮಾಡುವವರಿದ್ದರೆ ಹಗಲೂ ಹೀಟರ್ ಆರುವುದಿಲ್ಲ.

ಒಂದು ಊಹೆಯ ಲೆಕ್ಕ ಹಾಕೋಣ. ಪೇಟೆಯ 95 ಚದರ ಮೀಟರಿನ ಡಿ ದರ್ಜೆಯ ಮನೆಗೆ ಬಾಡಿಗೆ 850 ಯೂರೋ, ಡಿಪಿಇ ಹೇಳುವ ವಾರ್ಷಿಕ ಶಕ್ತಿ ಖರ್ಚು 1,700 ಯೂರೋ ಎಂದಿರಲಿ. ಹೊಲದ ನಡುವಿನ 130 ಚದರ ಮೀಟರಿನ ಎಫ್ ದರ್ಜೆಯ ಕಲ್ಲಿನ ಮನೆಗೆ ಬಾಡಿಗೆ 800, ಶಕ್ತಿ ಖರ್ಚು 4,200 ಎಂದಿರಲಿ. ತಿಂಗಳಿಗೆ ಹಂಚಿದರೆ ಮೊದಲನೆಯದು 992 ಯೂರೋ, ಎರಡನೆಯದು 1,150. ಐವತ್ತು ಯೂರೋ ಅಗ್ಗವೆಂದು ಕಂಡದ್ದು ನೂರೈವತ್ತಕ್ಕೂ ಮೀರಿ ದುಬಾರಿಯಾಯಿತು, ಎರಡನೆಯ ಕಾರಿನ ಲೆಕ್ಕ ಇನ್ನೂ ಸೇರಿಲ್ಲ.

ಯಾವ ಇಂಧನ ಎಂಬುದರ ಮೇಲೆ ದಿನಚರಿಯೂ ಬದಲಾಗುತ್ತದೆ. ಫಿಯೂಲ್ ಎಂಬ ಎಣ್ಣೆಯ ಬಾಯ್ಲರು ಹಳೆಯ ಮನೆಗಳಲ್ಲಿ ಇನ್ನೂ ಇದೆ. 2022ರ ಜುಲೈನಿಂದ ಹೊಸದಾಗಿ ಎಣ್ಣೆ ಬಾಯ್ಲರ್ ಕೂರಿಸುವಂತಿಲ್ಲವಾದ್ದರಿಂದ ಅದು ಕೆಟ್ಟಾಗ ಮಾಲೀಕರು ಬೇರೆ ವ್ಯವಸ್ಥೆಯನ್ನೇ ಮಾಡಬೇಕು, ನಡುವಿನ ವಾರಗಳಲ್ಲಿ ನೀವು ಚಳಿಯಲ್ಲಿರಬಹುದು. ಟ್ಯಾಂಕ್ ತುಂಬಿಸುವಾಗ ಒಮ್ಮೆಲೇ ನೂರಾರು ಲೀಟರಿನ ಹಣ ಕಟ್ಟಬೇಕು. ಪ್ರೊಪೇನ್ ಟ್ಯಾಂಕು ಅನಿಲ ಕಂಪನಿಯದೇ ಆಗಿದ್ದರೆ ಬೇರೆ ಕಡೆ ಅಗ್ಗವಿದ್ದರೂ ಕೊಳ್ಳುವಂತಿಲ್ಲ. ಸೌದೆ ಒಲೆ ಅಗ್ಗ, ಅದರ ಬೆಂಕಿ ಮನಸ್ಸಿಗೂ ಹಿತ, ಆದರೆ ಸೌದೆಯನ್ನು ಸ್ತೇರ್ ಎಂಬ ಒಂದು ಘನ ಮೀಟರಿನ ರಾಶಿಯ ಅಳತೆಯಲ್ಲಿ ಬೇಸಿಗೆಯಲ್ಲೇ ತರಿಸಿಡಬೇಕು. ನವೆಂಬರಿನಲ್ಲಿ ಅವಸರದಿಂದ ಕೊಂಡ ಸೌದೆ ಹಸಿಯಾಗಿದ್ದು ಹೊಗೆಯನ್ನೇ ಕೊಡುತ್ತದೆ. ಹಳೆಯ ವಿದ್ಯುತ್ ಹೀಟರುಗಳಿರುವ ದೊಡ್ಡ ಮನೆಯನ್ನು ನಾನಂತೂ ಯಾರಿಗೂ ಸೂಚಿಸುವುದಿಲ್ಲ. ಅಂಥ ಕಡೆ 6 ಕೆವಿಎ ಸಂಪರ್ಕವಿದ್ದರೆ ಹೀಟರು, ಇಂಡಕ್ಷನ್ ಒಲೆ ಮತ್ತು ಗ್ರೈಂಡರ್ ಒಟ್ಟಿಗೆ ನಡೆದಾಗ ಲಿಂಕಿ ಎಂಬ ಸ್ಮಾರ್ಟ್ ಮೀಟರು ಟ್ರಿಪ್ ಆಗುತ್ತದೆ. 9 ಅಥವಾ 12 ಕೆವಿಎಗೆ ಏರಿಸಿಕೊಳ್ಳಬಹುದು, ನಿಗದಿತ ಶುಲ್ಕವೂ ಏರುತ್ತದೆ. ಹೊರಗಿನ ಶಾಖವನ್ನು ಒಳಗೆಳೆದು ಕಡಿಮೆ ಕರೆಂಟಿನಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪ್ ಇರುವ ಬಡಾವಣೆಯ ಮನೆ ಸಿಕ್ಕರೆ ಈ ಪ್ಯಾರಾವನ್ನೇ ಮರೆಯಬಹುದು.

ಕಲ್ಲಿನ ಮನೆಯನ್ನು ನೋಡಲು ಹೋಗುವುದಾದರೆ ಮಳೆ ಹಿಡಿದ ವಾರದಲ್ಲಿ ಹೋಗುವುದು ಒಳ್ಳೆಯದು. ಉತ್ತರದ ಗೋಡೆಗೆ ಆನಿಸಿದ ಬೀರುವನ್ನು ಒಂದು ಗೇಣು ಸರಿಸಲು ಕೇಳಿ, ಅದರ ಹಿಂದೆ ನೆಲದಿಂದ ಮೊಣಕಾಲೆತ್ತರದವರೆಗೆ ವಾಲ್‌ಪೇಪರ್ ಉಬ್ಬಿದೆಯೇ, ಗಾರೆಯ ಮೇಲೆ ಉಪ್ಪಿನಂಥ ಬಿಳಿ ಪುಡಿ ಬಂದಿದೆಯೇ ನೋಡಿ. ಹೊಸದಾಗಿ ಬಣ್ಣ ಬಳಿದದ್ದು ಆ ಒಂದು ಗೋಡೆಗೆ ಮಾತ್ರ ಎಂದಾದರೆ ಕಾರಣ ಕೇಳಬೇಕು. ಕರಾರಿನ ಜೊತೆ ಬರುವ ಕಾಗದಗಳಲ್ಲಿ ನೆರೆ, ಭೂಕಂಪ ಮುಂತಾದ ಅಪಾಯಗಳ ವರದಿಯೂ, 1949ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸವಿದೆಯೇ ಎಂಬ ವರದಿಯೂ ಇರಬೇಕು. ಪುಟ್ಟ ಮಕ್ಕಳಿದ್ದರೆ ಎರಡನೆಯದನ್ನು ಓದದೆ ಸಹಿ ಹಾಕಬಾರದು. ಗ್ರಾನೈಟ್ ನೆಲದ ಲಿಮೂಸ್ಯಾಂ, ಬ್ರಿಟನಿ ಪ್ರದೇಶಗಳಲ್ಲಿ ನೆಲದಿಂದ ಹೊಮ್ಮುವ ವಿಕಿರಣಶೀಲ ರೇಡಾನ್ ಅನಿಲದ ವಿಚಾರವೂ ಸೇರುತ್ತದೆ. ಲಿಮೂಸ್ಯಾಂನಲ್ಲಿ ಬಾಡಿಗೆ ಜೇರ್ಸ್‌ಗಿಂತ ಕಡಿಮೆ, ಚಳಿಗಾಲ ಉದ್ದ, ಹೊಸ ರೋಗಿಗಳನ್ನು ತೆಗೆದುಕೊಳ್ಳುವ ವೈದ್ಯರು ವಿರಳ. ಪೂರ್ತಿ ಮನೆಯಿಂದಲೇ ಕೆಲಸ ಮಾಡುವವರಿಗೆ ಮಾತ್ರ ಅದು ಹೊಂದೀತು.

ಬೆಳಗ್ಗೆ ಎಂಟರ ಲೆಕ್ಕ

ತುಲೂಸ್‌ನಿಂದ ಓಶ್ ಪಟ್ಟಣಕ್ಕೆ ಹೋಗುವ ಟಿಇಆರ್ ಎಂಬ ಪ್ರಾದೇಶಿಕ ರೈಲು ಕೊಲೊಮಿಯೆ ದಾಟಿ ಲೀಲ್-ಜೂರ್ದೇಂ, ಜಿಮೋಂ ಮೂಲಕ ಸಾಗುತ್ತದೆ. ಲೀಲ್-ಜೂರ್ದೇಂನಲ್ಲಿ ಮನೆ ಹಿಡಿದವರು ಕೊಲೊಮಿಯೆಯ ಕಾರ್ಖಾನೆಗೆ ರೈಲು ಬದಲಿಸದೆ ತಲುಪಬಹುದು, ಕುಟುಂಬಕ್ಕೆ ಒಂದೇ ಕಾರು ಸಾಕಾದೀತು. ಅಲ್ಲಿಂದ ದಕ್ಷಿಣಕ್ಕಿರುವ ಸಮತಾಂ, ಲೊಂಬೇಜ್ ಊರುಗಳು ಅಷ್ಟೇ ಚೆಂದ, ಬಾಡಿಗೆಯೂ ಹಗುರ, ರೈಲು ಮಾತ್ರ ಇಲ್ಲ. ಸಮತಾಂನ ಸೋಮವಾರದ ಸಂತೆ ಬಾತುಕೋಳಿಯ ಮಾಂಸಕ್ಕೆ ಹೆಸರಾದದ್ದು, ಸಸ್ಯಾಹಾರಿಗಳು ತರಕಾರಿ ಸಾಲಿಗೆ ನೇರ ನಡೆಯುವುದನ್ನು ಬೇಗ ಕಲಿಯುತ್ತಾರೆ.

ಭಾರತದ ಚಾಲನಾ ಪರವಾನಗಿಯನ್ನು ಅಲ್ಲಿ ನೆಲೆಸಿದ ಮೊದಲ ವರ್ಷವಷ್ಟೇ ಬಳಸಬಹುದು, ಆಮೇಲೆ ಫ್ರೆಂಚ್ ಪರವಾನಗಿ ಬೇಕೇ ಬೇಕು. ದಂಪತಿಗಳಲ್ಲಿ ಒಬ್ಬರಿಗೆ ಕಾರು ಬಾರದಿದ್ದರೆ ಹೊಲದ ಮನೆಯನ್ನು ಪಟ್ಟಿಯಿಂದ ತೆಗೆದುಹಾಕುವುದೇ ಸರಿ. ಕೆಲಸಕ್ಕೆ ಹೋಗುವವರಿಗೆ ಅದು ನೆಮ್ಮದಿಯ ತಾಣ, ಮನೆಯಲ್ಲಿ ಉಳಿಯುವವರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಸೆರೆ.

ಫ್ರಾನ್ಸಿನಲ್ಲಿ 2019ರಿಂದ 3 ವರ್ಷ ತುಂಬಿದ ಮಗುವಿಗೆ ಶಿಕ್ಷಣ ಕಡ್ಡಾಯ, ಸರ್ಕಾರಿ ಶಾಲೆ ಉಚಿತ, ಸೇರಿಸಲು ಹೋಗಬೇಕಾದದ್ದು ಮೇರಿಗೆ. ಯಾವ ಊರಿನಲ್ಲಿ ಮನೆಯೋ ಸಾಮಾನ್ಯವಾಗಿ ಆ ಊರಿನ ಶಾಲೆ. ಸಣ್ಣ ಹಳ್ಳಿಗಳಲ್ಲಿ ಎರಡು ಮೂರು ಊರುಗಳು ತರಗತಿಗಳನ್ನು ಹಂಚಿಕೊಂಡಿರುವುದುಂಟು, ಹಾಗಿದ್ದರೆ ಅಣ್ಣ ಒಂದು ಊರಿಗೆ, ತಂಗಿ ಇನ್ನೊಂದಕ್ಕೆ ಹೋಗುತ್ತಾರೆ. ಹನ್ನೊಂದು ವರ್ಷಕ್ಕೆ ಸೇರುವ ಕೊಲೇಜ್ ಎಂಬ ಮಾಧ್ಯಮಿಕ ಶಾಲೆ ದೊಡ್ಡ ಪೇಟೆಯಲ್ಲಿರುತ್ತದೆ, ಶಾಲಾ ಬಸ್ಸು ಮನೆಯಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಮನೆ ನೋಡುವ ದಿನವೇ ನಡೆದು ನೋಡಬೇಕು. ಫ್ರೆಂಚ್ ಬಾರದ ಮಕ್ಕಳಿಗಾಗಿ ಯುಪಿಇ2ಎ ಎಂಬ ವಿಶೇಷ ತರಗತಿಗಳಿವೆಯಾದರೂ ಅವು ಹೆಚ್ಚಾಗಿ ನಗರಗಳಲ್ಲಿವೆ. ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿರುವವರು ಇದೊಂದೇ ಕಾರಣಕ್ಕೆ ನಗರದ ಹತ್ತಿರ ಸರಿಯುವುದು ಮೇಲು, ಮೂರು ನಾಲ್ಕರ ಮಕ್ಕಳಿಗೆ ಹಳ್ಳಿಶಾಲೆಯೇ ಭಾಷೆ ಕಲಿಸಿಬಿಡುತ್ತದೆ. ಅನೇಕ ಹಳ್ಳಿಶಾಲೆಗಳಿಗೆ ಬುಧವಾರ ರಜೆ. ಮಧ್ಯಾಹ್ನದ ಊಟದಲ್ಲಿ ವಾರಕ್ಕೊಮ್ಮೆ ಸಸ್ಯಾಹಾರ ಕಡ್ಡಾಯ, ಉಳಿದ ದಿನಗಳಿಗೆ ಏನು ಮಾಡಬಹುದೆಂದು ಶಾಲೆಯನ್ನೇ ಕೇಳಬೇಕು.

ಇಂಟರ್ನೆಟ್ಟಿನ ಬಗ್ಗೆ ಮಾಲೀಕರ ಮಾತನ್ನು ನಂಬುವ ಅಗತ್ಯವಿಲ್ಲ. ಆರ್ಸೆಪ್ ಎಂಬ ನಿಯಂತ್ರಣ ಸಂಸ್ಥೆಯ ನಕ್ಷೆಯಲ್ಲಿ ವಿಳಾಸ ಹಾಕಿದರೆ ಫೈಬರ್ ಬಂದಿದೆಯೇ ಎಂಬುದು ಕಾಣುತ್ತದೆ. ಮೊಬೈಲ್ ಸಿಗ್ನಲ್ಲನ್ನು ಮಾತ್ರ ಮನೆಯೊಳಗೆ ನಿಂತು ನೋಡಬೇಕು, ಏಕೆಂದರೆ ದಪ್ಪ ಕಲ್ಲಿನ ಗೋಡೆ ಅದನ್ನೂ ತಡೆಯುತ್ತದೆ.

ಏಜೆನ್ಸಿಯೋ, ಮಾಲೀಕರೋ, ಮೇರಿಯೋ

ಏಜೆನ್ಸಿ ಬಾಡಿಗೆದಾರರಿಂದ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ಮಿತಿ ಇದೆ. ಹಳ್ಳಿಗಾಡಿನಲ್ಲಿ ಅದು ಚದರ ಮೀಟರಿಗೆ ಸುಮಾರು 8 ಯೂರೋ, ಮನೆಯ ಸ್ಥಿತಿ ದಾಖಲಿಸಲು ಇನ್ನು ಸುಮಾರು 3 ಯೂರೋ, ಒಟ್ಟಿನಲ್ಲಿ ನೂರು ಚದರ ಮೀಟರಿನ ಮನೆಗೆ ಹೆಚ್ಚುಕಡಿಮೆ 1,100 ಯೂರೋ. ನೇರ ಮಾಲೀಕರಿಂದ ಹಿಡಿದರೆ ಇದು ಉಳಿಯುತ್ತದೆ, ಜೊತೆಗೆ ಮಾತುಕತೆಗೆ ಅವಕಾಶವೂ ಹೆಚ್ಚು. ಹೊಸದಾಗಿ ಬಂದವರ ಬಳಿ ಫ್ರೆಂಚ್ ಸಂಬಳದ ಚೀಟಿಯೂ ತೆರಿಗೆ ಪತ್ರವೂ ಇರುವುದಿಲ್ಲ. ಬಾಡಿಗೆಯ ಮೂರು ಪಟ್ಟು ಆದಾಯ ತೋರಿಸಬೇಕೆಂಬ ರೂಢಿಯನ್ನು ಏಜೆನ್ಸಿಗಳು ಸಡಿಲಿಸುವುದು ಕಷ್ಟ, ಬಾಡಿಗೆ ಬಾಕಿಯ ವಿಮೆಯ ಷರತ್ತುಗಳಿಗೆ ಅವು ಕಟ್ಟುಬಿದ್ದಿರುತ್ತವೆ. ಮನೆಗೆ ಬಂದು ಕಾಫಿ ಕುಡಿದು ಹೋದ ಕುಟುಂಬವನ್ನು ನಂಬುವ ಮಾಲೀಕರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜಾಮೀನುದಾರರಿಲ್ಲದವರಿಗೆ ವಿಸಾಲ್ ಎಂಬ ಉಚಿತ ಖಾತರಿ ಇದೆ. ವಯಸ್ಸು ಮತ್ತು ಉದ್ಯೋಗದ ಸ್ಥಿತಿಯನ್ನು ನೋಡಿ ಅರ್ಹತೆ ನಿರ್ಧಾರವಾಗುವುದರಿಂದ ಹುಡುಕಾಟಕ್ಕೆ ಮೊದಲೇ ಅರ್ಜಿ ಹಾಕಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವುದಕ್ಕೆ ಮಾಲೀಕರಿಗೆ ಹಕ್ಕಿಲ್ಲ, ಮನೆ ಕಾದಿರಿಸಲು ಮುಂಗಡ ಚೆಕ್ಕನ್ನೂ ಕೇಳುವಂತಿಲ್ಲ. ಮನೆ ತೋರಿಸುವ ಮೊದಲೇ ಹಣ ಕಳುಹಿಸಿ ಎನ್ನುವವರು ಮೋಸಗಾರರೆಂದೇ ತಿಳಿಯಬೇಕು.

ಜಾಲತಾಣಗಳಲ್ಲಿ ಕಾಣದ ಮೂರನೆಯ ದಾರಿಯೊಂದಿದೆ. ಹಳೆಯ ಶಾಲೆಯ ಮೇಲಂತಸ್ತು, ಪಾದ್ರಿಗಳ ಹಿಂದಿನ ಮನೆ, ಅಂಚೆ ಕಚೇರಿಯಿದ್ದ ಕಟ್ಟಡ ಮುಂತಾದವನ್ನು ದುರಸ್ತಿ ಮಾಡಿಸಿ ಗ್ರಾಮಾಡಳಿತವೇ ಬಾಡಿಗೆಗೆ ಕೊಡುವುದುಂಟು. ಹುಡುಗರಿಲ್ಲದೆ ತರಗತಿ ಮುಚ್ಚುವ ಭಯದಲ್ಲಿರುವ ಊರಿಗೆ ಇಬ್ಬರು ಮಕ್ಕಳ ಕುಟುಂಬವೆಂದರೆ ಬಲು ಇಷ್ಟ. ಮೇರಿಯ ಕಾರ್ಯದರ್ಶಿಯನ್ನು ಕಂಡು, ಮಕ್ಕಳ ವಯಸ್ಸನ್ನು ಮೊದಲು ಹೇಳಿ, ಆಮೇಲೆ ಮನೆಯ ವಿಷಯ ಕೇಳುವುದು ಒಳ್ಳೆಯದು.

ಒಳಗೆ ಬರುವ ದಿನ, ಹೊರಡುವ ದಿನ

ಬೀಗದ ಕೈ ಪಡೆಯುವಾಗ ಎತಾ ದೆ ಲ್ಯೂ ಎಂಬ ಸ್ಥಿತಿಪತ್ರ ಬರೆಯುತ್ತಾರೆ. ಪ್ರತಿ ಗೋಡೆ, ಕಿಟಕಿ, ನಲ್ಲಿಯ ಸ್ಥಿತಿ, ಮೀಟರಿನ ಅಂಕಿ, ಟ್ಯಾಂಕಿನಲ್ಲಿ ಉಳಿದ ಎಣ್ಣೆ ಎಲ್ಲವೂ ಅದರಲ್ಲಿರಬೇಕು. ಬಿಟ್ಟುಹೋದದ್ದನ್ನು ಸೇರಿಸಲು 10 ದಿನಗಳ ಅವಕಾಶವಿದೆ. ಬೇಸಿಗೆಯಲ್ಲಿ ಮನೆ ಸೇರಿದವರು ತಿಳಿಯಬೇಕಾದ ಇನ್ನೊಂದು ಹಕ್ಕೂ ಇದೆ: ಹೀಟರು ಹಚ್ಚುವ ಕಾಲದ ಮೊದಲ ತಿಂಗಳಲ್ಲಿ ಅದರ ಸ್ಥಿತಿಯನ್ನು ಪತ್ರಕ್ಕೆ ಸೇರಿಸುವಂತೆ ಕೇಳಬಹುದು.

ಹಳ್ಳಿಮನೆಯಲ್ಲಿ ಬಾಡಿಗೆದಾರರ ಪಾಲಿಗೆ ಬರುವ ನಿರ್ವಹಣೆ ಫ್ಲ್ಯಾಟಿಗಿಂತ ಹೆಚ್ಚು. ಬಾಯ್ಲರಿನ ವಾರ್ಷಿಕ ಸರ್ವಿಸು, ವರ್ಷಕ್ಕೆ ಕನಿಷ್ಠ ಒಮ್ಮೆ ಚಿಮಣಿ ಗುಡಿಸುವುದು, ಹುಲ್ಲು ಬೇಲಿಗಳ ಕತ್ತರಿಕೆ, ಮಳೆನೀರಿನ ದೋಣಿಗಳ ಶುಚಿ, ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವುದು, ಇವೆಲ್ಲ 1987ರ ಆದೇಶದ ಪ್ರಕಾರ ನಿಮ್ಮ ಖರ್ಚು. ಟ್ಯಾಂಕನ್ನೇ ಬದಲಿಸುವುದು, ಬಾಯ್ಲರ್ ಹೊಸದು ಕೂರಿಸುವುದು ಮಾಲೀಕರ ಖರ್ಚು. ಚಿಮಣಿ ಗುಡಿಸಿದವರು ಕೊಡುವ ಪ್ರಮಾಣಪತ್ರವನ್ನು ಎತ್ತಿಡಬೇಕು, ಬೆಂಕಿ ಅನಾಹುತವಾದರೆ ಕಡ್ಡಾಯ ಮನೆವಿಮೆಯ ಕಂಪನಿ ಮೊದಲು ಕೇಳುವುದು ಅದನ್ನೇ. ವಾಸದ ಮನೆಯ ಮೇಲಿನ ಹಳೆಯ ನಿವಾಸಿ ತೆರಿಗೆ 2023ರಿಂದ ಇಲ್ಲ. ಕಸ ಸಂಗ್ರಹದ ತೆರಿಗೆಯನ್ನು ಮಾಲೀಕರು ನಿಮ್ಮಿಂದ ವಸೂಲು ಮಾಡಬಹುದು.

ಹೊರಡುವಾಗ ಸ್ಥಿತಿಪತ್ರ ಮೊದಲಿನದಕ್ಕೆ ತಾಳೆಯಾದರೆ ಠೇವಣಿ 1 ತಿಂಗಳಲ್ಲಿ, ಇಲ್ಲವಾದರೆ ಕಡಿತಗಳ ಲೆಕ್ಕದೊಡನೆ 2 ತಿಂಗಳಲ್ಲಿ ಮರಳಬೇಕು. ತಡವಾದ ಪ್ರತಿ ತಿಂಗಳಿಗೆ ಬಾಡಿಗೆಯ ಶೇ. 10ರಷ್ಟು ಸೇರುತ್ತದೆ. ಹಿಂದಿರುಗುವ ವಿಮಾನದ ಟಿಕೆಟ್ಟು ಕೊಳ್ಳುವ ಮುನ್ನ ನೋಟಿಸಿನ ಲೆಕ್ಕವನ್ನು ಸರಿಯಾಗಿ ಹಾಕಿಕೊಳ್ಳಿ. ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪತ್ರ ಕಳುಹಿಸಿದರೆ ಅವಧಿ ಶುರುವಾಗುವುದು ಅದನ್ನು ಅಂಚೆಗೆ ಹಾಕಿದ ದಿನದಿಂದಲ್ಲ, ಮಾಲೀಕರು ಸಹಿ ಹಾಕಿ ತೆಗೆದುಕೊಂಡ ದಿನದಿಂದ. ಅವರು ರಜೆಗೆ ಹೋಗಿದ್ದು ಪತ್ರ ಅಂಚೆ ಕಚೇರಿಯಲ್ಲೇ ಉಳಿದು ವಾಪಸು ಬಂದರೆ ಆ ವಾರಗಳ ಬಾಡಿಗೆ ನಿಮ್ಮ ಮೇಲೆ ಬೀಳುತ್ತದೆ. ಹತ್ತಿರದಲ್ಲೇ ಇರುವ ಮಾಲೀಕರಾದರೆ ಪತ್ರವನ್ನು ಕೈಗೇ ಕೊಟ್ಟು ದಿನಾಂಕ ಸಹಿತ ರಸೀದಿ ಬರೆಸಿಕೊಳ್ಳುವುದು ಕಾನೂನಿಗೂ ಒಪ್ಪಿಗೆ.